ಹೆಬ್ಬೆರಳಿಲ್ಲದ ಹೆಜ್ಜೆ

ನರಕಚತುರ್ದಶಿಯ ಎಣ್ಣೆಸ್ನಾನ ಮುಗಿಸಿದ ಸಿಂಚನಾ ಬಚ್ಚಲಿನಿಂದ ಹೊರಬಂದವಳೇ ನಡುಮನೆಯ ಶಹಾಬಾದ ಕಲ್ಲಿನ ಮೇಲೆ ಒದ್ದೆಗಾಲಲ್ಲಿ ಓಡಿದಳು. ಬೂದು ಬಣ್ಣದ ಕಲ್ಲಿನ ಮೇಲೆ ಹೆಜ್ಜೆಗಳು ಕಪ್ಪಗೆ ಮೂಡಿದವು. ಆರತಿ ತಟ್ಟೆ ಹಿಡಿದು ಮಣೆಯ ಪಕ್ಕ ನಿಂತಿದ್ದ ಅಜ್ಜಿ ನೀಲವ್ವ ಅವನ್ನು ನೋಡಿ, ತಟ್ಟೆಯನ್ನು ಕೆಳಗಿಟ್ಟೇಬಿಟ್ಟಳು.

"ರೇಣುಕಾ, ಏ ರೇಣುಕಾ! ಲಗೂನ ಬಾರವಾ ಇಲ್ಲೆ. ನಿನ್ನ ಮಗಳ ಹೆಜ್ಜಿ ನೋಡ ಬಾ. ಹೋದ ವರ್ಷ ರೊಟ್ಟಿ ಬಡದಂಗ ಬೀಳ್ತಿತ್ತು. ಈಗ ನೋಡು, ರಂಗೋಲ್ಯಾಗ ಲಕ್ಷ್ಮೀ ಪಾದ ಬರದಂಗ ಐತಿ!"

ರೇಣುಕಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನಿಜ. ಹಿಮ್ಮಡಿಯ ದುಂಡು, ಅಲ್ಲಿಂದ ಹೊರ ಅಂಚಿನಗುಂಟ ತೆಳ್ಳಗೆ ಬಳುಕಿದ ಗೆರೆ, ಮುಂದೆ ಬೆರಳುಗಳ ಸಾಲು. ನಡುವೆ ಒಣಗಿದ ಕಲ್ಲು, ಕಮಾನಿನ ಆಕಾರದಲ್ಲಿ. ಒಂದು ಗಳಿಗೆ ಅವಳ ಎದೆ ತಣ್ಣಗಾಯಿತು. ಬೇಸಿಗೆಯಲ್ಲಿ ಮಗಳ ಎರಡೂ ಕಾಲಿಗೆ ಚಾಕು ಮುಟ್ಟಿಸಿದ್ದು ಸಾರ್ಥಕವಾಯಿತು ಅನ್ನಿಸಿತು.

ಆಮೇಲೆ ಅವಳು ಬಗ್ಗಿ ನೋಡಿದಳು. ಬಗ್ಗಿ ನೋಡುವುದು ಅವಳ ಸ್ವಭಾವ. ಹಗ್ಗ ಕಂಡರೂ ಹಾವೆಂದು ತಿಳಿದು ಮೂರು ಸಲ ತಟ್ಟಿ ನೋಡುವವಳು ಎಂದು ರೈಲ್ವೆ ಡ್ರೈವರ್ ಗಂಡ ಮಹಾಂತೇಶ ಅವಳನ್ನು ಚೇಷ್ಟೆ ಮಾಡುತ್ತಿದ್ದ.

ಬೆರಳುಗಳು ನಾಲ್ಕೇ ಇದ್ದವು. ಹೆಬ್ಬೆರಳು ಮೂಡಬೇಕಾದಲ್ಲಿ ಒಣ ಕಲ್ಲು.

"ಕಲ್ಲು ಅಲ್ಲೆ ತಗ್ಗ ಇದ್ದೀತವಾ," ಎಂದಳು ನೀಲವ್ವ.

ಮುಂದಿನ ಹೆಜ್ಜೆಯಲ್ಲೂ ಹೆಬ್ಬೆರಳಿರಲಿಲ್ಲ. ಅದರಾಚೆಯದರಲ್ಲೂ. ಹೆಬ್ಬೆರಳ ಬುಡದ ಉಬ್ಬು ಕೂಡ ನೆಲ ಮುಟ್ಟಿರಲಿಲ್ಲ.

"ಸಿಂಚೂ, ಇಲ್ಲೆ ಬಾ. ಇನ್ನೊಮ್ಮೆ ಕಾಲು ತೋಯಿಸ್ಕೊಂಡು ನಡದು ತೋರಸು."

ಹುಡುಗಿ ಮೊದಲು ನೋಡಿದ್ದು ನೆಲವನ್ನಲ್ಲ, ತಾಯಿಯ ಮುಖವನ್ನು. ಆಮೇಲೆ ಮೊಟ್ಟೆಯ ಮೇಲೆ ನಡೆಯುವಂತೆ ಮೆಲ್ಲಗೆ ನಡೆದಳು. ಈ ಸಲ ಐದೂ ಬೆರಳು ಮೂಡಿದವು.

"ನೋವಾಗ್ತೈತೇನು?"

"ಇಲ್ಲ ಮಮ್ಮಿ."

ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ. ನೀಲವ್ವ ಮೊಮ್ಮಗಳನ್ನು ಮಣೆಯ ಮೇಲೆ ನಿಲ್ಲಿಸಿ ಆರತಿ ಎತ್ತಿದಳು. ರೇಣುಕಾ ನೋಡುತ್ತಿದ್ದುದು ಮಾತ್ರ ಮಣೆಯ ಮೇಲಿನ ಪಾದಗಳನ್ನು. ಹೆಬ್ಬೆರಳುಗಳು ಮತ್ತೆ ಮೇಲೆದ್ದಿದ್ದವು, ಕೂದಲೆಳೆಯಷ್ಟು.

ಸಿಂಚನಾ ಹುಟ್ಟುವ ಹೊತ್ತಿಗಾಗಲೇ ರಾಜ್ಯದ ಶಾಲೆಗಳ ಬಾಗಿಲಲ್ಲಿ ಆ ಚಾಪೆಗಳು ಬಂದಿದ್ದವು. ಒಳಗೆ ಹೋಗುವ ಪ್ರತಿ ಮಗುವಿನ ತೂಕ ಪಾದದ ಯಾವ ಭಾಗದ ಮೇಲೆ ಬೀಳುತ್ತದೆಂದು ಚಾಪೆ ಅಳೆಯುತ್ತಿತ್ತು. ಕಮಾನು ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಹಳದಿ ಬಂದವರು ಡ್ರಿಲ್ ಹೊತ್ತಿನಲ್ಲಿ ಪಡಸಾಲೆಯಲ್ಲಿ ಕೂರಬೇಕು. ಸಿಂಚನಾ ಒಂದನೇ ಇಯತ್ತೆಯಿಂದ ಪಡಸಾಲೆಯಲ್ಲಿ ಕೂತವಳು. ಹುಡುಗರು ಅವಳನ್ನು 'ಬಾತುಕೋಳಿ' ಎನ್ನುತ್ತಿದ್ದರು. ನೀಲವ್ವನ ಚಿಂತೆ ಬೇರೆ: "ನಾಳೆ ಮದುಮಗಳಾಗಿ ಓಕುಳಿ ನೀರಾಗ ಕಾಲಿಟ್ಟು ಗಂಡನ ಮನಿ ಹೊಕ್ಕಾಗ ಹೆಜ್ಜಿ ಹೆಂಗ ಬೀಳ್ತಾವೋ ಯವ್ವಾ, ಮಂದಿ ಏನಂದಾರು?"

ಮೂಳೆ ವೈದ್ಯ ಡಾಕ್ಟರ್ ಇನಾಮದಾರ ಆಗಲೇ ಹೇಳಿದ್ದರು. ಸಿಂಚನಾಳನ್ನು ತುದಿಗಾಲಲ್ಲಿ ನಿಲ್ಲಿಸಿ ತೋರಿಸಿದ್ದರು. ನೆಲಕ್ಕೆ ಅಂಟಿದ್ದ ಅಂಗಾಲು, ಅವಳು ತುದಿಗಾಲಲ್ಲಿ ಏರಿದೊಡನೆ ಬಿಲ್ಲಿನಂತೆ ಬಾಗಿ ಕಮಾನು ಮೂಡಿಸಿತ್ತು. "ನೋಡಿದ್ರಿ? ಇದು ಬಾಗೂ ಪಾದ, ಬಿರುಸು ಪಾದ ಅಲ್ಲ. ನೋವಿಲ್ಲ, ಓಡತಾಳ, ಜಿಗೀತಾಳ. ನಮ್ಮ ಅಜ್ಜಗೂ ಇಂಥವೇ ಕಾಲು ಇದ್ದವು. ಭಾಳ ಹುಡುಗರಿಗೆ ಬೆಳದಂಗ ಬೆಳದಂಗ ತಾನೇ ಸರಿ ಹೋಗ್ತದ. ಹೋಗದಿದ್ರೂ ಏನೂ ಕೆಡೂದಿಲ್ಲ. ಇನ್ನೊಂದೆರಡು ವರ್ಷ ಕಾದು ನೋಡಬಹುದು."

ಆದರೆ 'ಬಹುದು' ಎಂಬ ಮಾತನ್ನು ತಲೆದಿಂಬು ಮಾಡಿಕೊಂಡು ಮಲಗುವ ಹೆಂಗಸಲ್ಲ ರೇಣುಕಾ. ಮೇಲಾಗಿ ಅವಳು ಕೆಲಸ ಮಾಡುತ್ತಿದ್ದುದೇ ಇಂಥ ಪಾದಗಳ ಮೇಲೆ ನಿಗಾ ಇಡುವ 'ಸುಪಾದ' ಕೇಂದ್ರದಲ್ಲಿ. ಹಿಮ್ಮಡಿಯ ಎಲುಬಿಗೂ ಅದರ ಮೇಲೆ ಕೂರುವ ಎಲುಬಿಗೂ ನಡುವೆ, ಹೊರಮಗ್ಗುಲಲ್ಲಿ, ಒಂದು ಪುಟ್ಟ ಪೊಳ್ಳು ಇರುತ್ತದೆ. ಚಪ್ಪಟೆ ಪಾದದ ಮಗು ನಿಂತಾಗ ಮೇಲಿನ ಎಲುಬು ಒಳಕ್ಕೆ ಜಾರಿ ಕಮಾನು ಕುಸಿಯುತ್ತದೆ. ಆ ಪೊಳ್ಳಿನಲ್ಲಿ ಒಂದು ಬೆಣೆ ಕೂರಿಸಿದರೆ, ಬಾಗಿಲಿಗೆ ಒತ್ತಿಟ್ಟ ಕಲ್ಲಿನಂತೆ ಅದು ಎಲುಬನ್ನು ಜಾರಗೊಡುವುದಿಲ್ಲ. ಹಳೆಯ ಕಾಲದ ಬೆಣೆ ಮಗು ಬೆಳೆದಂತೆ ಸಡಿಲವಾಗುತ್ತಿತ್ತು, ಇಲ್ಲವೇ ಚುಚ್ಚುತ್ತಿತ್ತು; ಎಷ್ಟೋ ಸಲ ತೆಗೆದುಹಾಕಬೇಕಾಗುತ್ತಿತ್ತು. ಸುಪಾದದ ಬೆಣೆ ಹಾಗಲ್ಲ. ಅದು ಮೇಲೆ ಬೀಳುವ ಭಾರವನ್ನು ಅಳೆದು ಕೇಂದ್ರಕ್ಕೆ ಹೇಳುತ್ತದೆ. ಕೇಂದ್ರ ಆಜ್ಞೆ ಕೊಟ್ಟಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ಪಾದ ಬೆಳೆದಂತೆ ಬೆಣೆಯೂ ಬೆಳೆಯುತ್ತದೆ.

ದಿನವೂ ಸಾವಿರಾರು ಮಕ್ಕಳ ಹಸಿರು ದೀಪಗಳನ್ನು ನೋಡುತ್ತಿದ್ದವಳು ತನ್ನ ಮಗಳಿಗೆ ಬೇಡವೆನ್ನಲು ಕಾರಣವೇ ಕಾಣದೆ ಸಹಿ ಹಾಕಿದ್ದಳು. ಬೆಣೆ ಕೂತ ಮೇಲೆ ಹಸಿರು ಬಂದು, ಬೆಣೆಯಿದ್ದ ಉಳಿದ ಮಕ್ಕಳ ಜೊತೆ ಸಿಂಚನಾ ಡ್ರಿಲ್ ಟೀಮಿಗೆ ಸೇರಿದ್ದಳು.

ಮರುದಿನ ಅಮಾವಾಸ್ಯೆ. ರೇಣುಕಾಳಿಗೆ ಹಬ್ಬದ ಪಾಳಿ ಇತ್ತು. ಕೇಂದ್ರದಲ್ಲೂ ಲಕ್ಷ್ಮೀಪೂಜೆ, ಗಣಕಯಂತ್ರಗಳ ಕಪಾಟಿಗೆ ಬಾಳೆಕಂಬ ಕಟ್ಟಿದ್ದರು. ಮುಖ್ಯಸ್ಥ ಕುಲಕರ್ಣಿಯವರು ಅಂಗಿಯ ತೋಳು ಮಡಿಚಿ ಚೆಂಡುಹೂವಿನ ಮಾಲೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದರು.

ಎದುರಿನ ಗೋಡೆಯನ್ನು ಕಾಯುವುದೇ ಕೇಂದ್ರದವರ ಕೆಲಸ. ಗೋಡೆ ತುಂಬ ಊರಿನ ನಕ್ಷೆ. ಒಂದೊಂದು ಮಗುವಿಗೆ ಒಂದೊಂದು ಸಾಸಿವೆಯಷ್ಟು ದೀಪ. ಹಸಿರೆಂದರೆ ಬೆಣೆ ಸರಿಯಾಗಿ ಕೂತಿದೆ, ಹಳದಿಯೆಂದರೆ ಸಂಶಯ, ಕೆಂಪೆಂದರೆ ಎಲುಬಿಗೆ ಒತ್ತುತ್ತಿದೆ. ಇವತ್ತು ಗೋಡೆ ತುಂಬ ಮಾಸಲು ಬಿಳಿ. ವಿಶ್ರಾಂತಿಯ ಬಣ್ಣ.

"ಹಬ್ಬದಾಗ ಗ್ವಾಡಿನೂ ಮಲಗೇತಿ ನೋಡವಾ," ಎಂದಳು ಪಕ್ಕದ ಕುರ್ಚಿಯ ಫರೀದಾ. ಅವಳ ತಂಗಿಯ ಮಗ ಅರ್ಮಾನನಿಗೂ ಬೆಣೆ ಇತ್ತು. "ನೀ ಯಾಕ ಕಣ್ಣು ಕೀಲಿಸ್ಕೊಂಡು ಕುಂತಿ?"

ರೇಣುಕಾ ತನ್ನ ಓಣಿಯ ಮೇಲಿನ ಮಾಸಲು ಚುಕ್ಕೆಯನ್ನು ನೋಡುತ್ತಿದ್ದಳು. "ಫರೀದಾ, ನಮ್ಮ ಹುಡುಗರು ಬೂಟು ಯಾವಾಗ ಹಾಕ್ಕೊಂತಾರ?"

"ಸಾಲಿಗೆ ಹೋಗುವಾಗ. ಇದೇನ ಪ್ರಶ್ನೆ?"

"ಮತ್ತ ಉಳಿದ ಹೊತ್ತು?"

"ಉಳಿದ ಹೊತ್ತು ಬರಿಗಾಲು. ಮನ್ಯಾಗ ಯಾರರೆ ಬೂಟು..." ಫರೀದಾ ಗೋಡೆಯ ಕಡೆ ತಿರುಗಿದಳು.

ಬೆಣೆಗೆ ಸ್ವಂತ ಜೀವವಿಲ್ಲ. ಸುಪಾದದ ಬೂಟಿನ ಅಟ್ಟೆಯೊಳಗಿನ ತಂತಿಸುರುಳಿ ಅದಕ್ಕೆ ವಿದ್ಯುತ್ತು ಊಡುತ್ತದೆ. ಅದರ ಮಾತನ್ನು ಕೇಂದ್ರಕ್ಕೆ ಮುಟ್ಟಿಸುವುದೂ ಬೂಟೇ. ಬೂಟು ಕಳಚಿದರೆ ಬೆಣೆ ಮೂಕ. ಅದನ್ನು ಕಂಡುಹಿಡಿದವರು ಎದ್ದಾಗಿನಿಂದ ಮಲಗುವವರೆಗೆ ಬೂಟು ತೊಡುವ, ಬೂಟಿನಲ್ಲೇ ಅಡುಗೆಮನೆಗೂ ಹೋಗುವ ಚಳಿದೇಶದ ಜನ. ಬೂಟು ಬಿಚ್ಚಿದ್ದಾರೆಂದರೆ ಮಗು ಹಾಸಿಗೆ ಸೇರಿದೆ ಎಂದು ಅವರ ಲೆಕ್ಕ.

ಕೇಂದ್ರ ಶುರುವಾದ ಹೊಸತರಲ್ಲಿ, ದಿನವೂ ಸಂಜೆ ಶಾಲೆ ಬಿಟ್ಟು ಮಕ್ಕಳು ಮನೆ ಮುಟ್ಟುವ ಹೊತ್ತಿಗೆ ಗೋಡೆಯ ದೀಪಗಳೆಲ್ಲ ಒಂದೇ ಸಮನೆ ಕೆಂಪಾಗಿ ಬಡಿದುಕೊಳ್ಳುತ್ತಿದ್ದವು. ಊರಿನ ಮಕ್ಕಳಿಗೆಲ್ಲ ಏನೋ ಆಯಿತೆಂದು ಎಲ್ಲರೂ ಫೋನು ಹಿಡಿದು ಓಡಾಡಿದ್ದರು. ಆಮೇಲೆ ತಿಳಿದದ್ದು ಇಷ್ಟೇ: ಹುಡುಗರು ಹೊಸಿಲಾಚೆ ಬೂಟು ಬಿಟ್ಟು ಒಳಗೆ ಹೋಗಿದ್ದರು, ಬೆಣೆಯ ಮಾತು ನಿಂತಿತ್ತು. ಅದಕ್ಕೊಂದು ಮದ್ದು ಮಾಡಿದರು. ಬೂಟು ಬಿಚ್ಚಿದಾಗ ಕೆಂಪು ಬೇಡ, 'ವಿಶ್ರಾಂತಿ' ಎಂದು ಬರೆದುಕೊಳ್ಳಲಿ. ಅದಕ್ಕೆ ಹೊಸಿಲ ನಿಯಮ ಎಂದು ಹೆಸರಿಟ್ಟರು. ಗೋಡೆ ಶಾಂತವಾಯಿತು. ಕುಲಕರ್ಣಿಯವರು ಎಲ್ಲರಿಗೂ ಫೇಡೆ ಹಂಚಿದ್ದರು.

"ವಿಶ್ರಾಂತಿ ಅಂತ ನಾವು ಬರಕೊಂಡ ಹೊತ್ತಿನ್ಯಾಗ," ರೇಣುಕಾ ತಗ್ಗಿದ ದನಿಯಲ್ಲಿ ಹೇಳಿದಳು, "ಅವು ಕುಂಟಾಬಿಲ್ಲಿ ಆಡ್ತಾವ. ಜೀನಾ ಹತ್ತಿ ಇಳೀತಾವ. ಕುಕ್ಕರಗಾಲಾಗ ಕುಂದರ್ತಾವ, ಚಕ್ಕಳಬಕ್ಕಳ ಹಾಕಿ ಉಣ್ತಾವ. ಬೆಣಿ ಕಚ್ಚೂದಿದ್ರ ಆವಾಗನ ಕಚ್ಚಬೇಕು. ನಮಗ ಒಂದು ಮಾತೂ ಕೇಳ್ಸೂದಿಲ್ಲ."

ಫರೀದಾ ಎದ್ದು ಕುಲಕರ್ಣಿಯವರನ್ನು ಸ್ಟೂಲಿನಿಂದ ಇಳಿಸಿಕೊಂಡು ಬಂದಳು.

ಅವರು ಕೆಟ್ಟ ಮನುಷ್ಯರಲ್ಲ. ಮಾಲೆಯನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿಸಿಕೊಂಡರು. "ರೇಣುಕಾ, ನೀವು ಹೇಳೂದರಾಗ ಅರ್ಥ ಅದ. ಆದರ ನಿಯಮ ತಗದ್ರ ದಿನಾ ಸಂಜಿಗೆ ಮತ್ತ ಗ್ವಾಡಿ ತುಂಬ ಕೆಂಪು. ಬೂಟು ಬಿಚ್ಚಿದ್ದು ಯಾವುದು, ಖರೇನ ನೋವು ಯಾವುದು, ಹೆಂಗ ಗುರತ ಹಿಡೀತೀರಿ? ನಿಮ್ಮ ಹತ್ರ ಇರೂದೇನು? ಒಂದು ಒದ್ದಿ ಹೆಜ್ಜಿ."

"ನಾಡದು ಸಾಲಿ ಸುರು ಆಗ್ತಾವ ಸರ್. ಅವತ್ತ ಮುಂಜಾನೆ ಹಿಗ್ಗಿಸೂ ಆಜ್ಞೆ ಹೋಗ್ತೈತಿ."

"ಹೋಗ್ತದ."

"ರಜಾದಾಗ ಬೂಟು ಹಾಕಿಲ್ಲ. ಇಷ್ಟ ದಿನ ಭೇಷ್ ವಿಶ್ರಾಂತಿ ತಗೊಂಡಾವ, ಒಂದು ದೂರೂ ಇಲ್ಲ ಅಂತ ಯಂತ್ರ ತಿಳಕೊಂತೈತಿ, ಈ ಸಲ ಬೆಣಿ ಎಂದಿಗಿಂತ ಹೆಚ್ಚು ಹಿಗ್ಗತಾವ. ಎಲ್ಲಾ ಹುಡುಗರವೂ. ಒಂದ ಸಲಕ್ಕ. ಬೂಟಿನ ಲಾಡಿ ಕಟ್ಟಿದ ಕೂಡ್ಲೆ."

ಕುಲಕರ್ಣಿ ಗೋಡೆಯ ಕಡೆ ನೋಡಿದರು. ಮಾಸಲು ಬಿಳಿ ದೀಪಗಳು ನಿದ್ದೆಯಲ್ಲಿರುವ ಮಕ್ಕಳಂತೆ ಸುಮ್ಮನಿದ್ದವು. "ಕೆಂಪು ಬಂದ ಮಗುವಿನ ಆಜ್ಞೆ ನಾ ತಡೀಬಹುದು. ಭಾಳ ಕೆಂಪು ಬಂದ್ರ ಇಡೀ ಊರಿಂದು ತಡೀಬಹುದು. ಬರೇ ಹೆದರಿಕಿ ಬಂದ್ರ ತಡಿಯಾಕ ನನಗ ಅಧಿಕಾರ ಇಲ್ಲ. ಒಂದರೆ ಕೆಂಪು ತೋರಸ್ರಿ."

ಮನೆಗೆ ಬಂದಾಗ ಸಿಂಚನಾ ಪಡಸಾಲೆಯಲ್ಲಿ ಕೂತು ಆಕಾಶಬುಟ್ಟಿಗೆ ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಿದ್ದಳು. ಕಾಲು ಮಡಿಚಿರಲಿಲ್ಲ. ಮುಂದಕ್ಕೆ ಚಾಚಿ ಗೋಡೆಗೆ ಆನಿಸಿದ್ದಳು. ಈ ಹುಡುಗಿ ಕಾಲು ಮಡಿಚಿ ಕೂತದ್ದನ್ನು ತಾನು ಕೊನೆಯ ಸಲ ನೋಡಿದ್ದು ಯಾವಾಗ? ರೇಣುಕಾಳಿಗೆ ನೆನಪಾಗಲಿಲ್ಲ. ದೀಪವನ್ನು ದಿನಾ ನೋಡಿದ್ದಳು.

ಪಕ್ಕ ಕೂತು ಅಂಟಿನ ಬಟ್ಟಲು ಹಿಡಿದಳು. "ಸಿಂಚೂ, ನಿನ್ನ ಡ್ರಿಲ್ ಟೀಮಿನ್ಯಾಗ ಎಲ್ಲಾರೂ ಹೆಬ್ಬಟ್ಟು ಎತ್ತೇ ನಡೀತಾರೇನು?"

ಕತ್ತರಿ ನಿಂತಿತು. "ಯಾರು ಹೇಳಿದ್ರು ನಿನಗ? ಅರ್ಮಾನ್ ಹೇಳಿದ್ನ?"

"ಯಾರೂ ಹೇಳಿಲ್ಲ. ನಾನs ನೋಡೀನಿ."

ಹುಡುಗಿ ಕಾಗದದ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿದಳು. "ಹೆಬ್ಬಟ್ಟು ಎತ್ತಿ, ಈ ಅಂಚಿನ ಮ್ಯಾಲೆ ನಡದ್ರ ಹಸಿರು ಬರ್ತೈತಿ. ಪೂರಾ ಕಾಲು ಊರಿದ್ರ ಇಲ್ಲೆ ಚುಚ್ಚತೈತಿ, ಹಳದಿ ಬರ್ತೈತಿ." ಹೊರಗೆಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದಳು. "ಎಲ್ಲಾರೂ ಹಂಗs ನಡೀತಾರ. ದೊಡ್ಡ ಹುಡುಗ್ಯಾರು ಸಣ್ಣಾರಿಗೆ ಕಲಸ್ತಾರ."

"ನನಗ್ಯಾಕ ಹೇಳ್ಲಿಲ್ಲವಾ?"

"ಹಳದಿ ಬಂದ ದಿನ ನೀ ಊಟ ಮಾಡೂದಿಲ್ಲಲ್ಲ ಮಮ್ಮಿ." ಸಿಂಚನಾ ಅದನ್ನು ದೂರಿನಂತೆ ಹೇಳಲಿಲ್ಲ. ಅಜ್ಜಿಗೆ ಮಂಡಿನೋವು ಇದೆ, ಅಪ್ಪನಿಗೆ ರಾತ್ರಿ ಪಾಳಿ ಇದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು. "ತಾಟು ಮುಂದಿಟ್ಕೊಂಡು ಫೋನು ನೋಡ್ಕೋತ ಕುಂತು ಬಿಡ್ತಿ. ಹಸಿರು ಬಂದ ದಿನ ಉಣ್ತಿ."

ರೇಣುಕಾಳ ಕೈಯಲ್ಲಿದ್ದ ಅಂಟು ಬೆರಳುಗಳ ಮೇಲೆ ಒಣಗುತ್ತ ಬಂತು. ಹೆದರಿಕೆಯೆಂದರೆ ಮಗುವನ್ನು ಕಾಯುವ ಕೆಲಸವೆಂದು ಅವಳು ಇದುವರೆಗೆ ತಿಳಿದಿದ್ದಳು. ಮಗುವೇ ಆ ಹೆದರಿಕೆಯನ್ನು ಕಾಯುತ್ತಿತ್ತು, ಕಾಲಿನ ಅಂಚಿನ ಮೇಲೆ ನಡೆಯುತ್ತ.

ಮರುದಿನ ಮುಂಜಾನೆ ಇನಾಮದಾರರು ಹಬ್ಬದ ಹೊಸ ಅಂಗಿಯಲ್ಲೇ ದವಾಖಾನೆಯ ಬಾಗಿಲು ತೆಗೆದರು. ಸಿಂಚನಾಳ ಹೊರಗೆಣ್ಣಿನ ಕೆಳಗೆ ಹೆಬ್ಬೆರಳಿಂದ ಒತ್ತಿದಾಗ ಹುಡುಗಿ ತುಟಿ ಕಚ್ಚಿದಳು, ಕೂಗಲಿಲ್ಲ. ಪಿಂಡಿಯ ಹೊರಮಗ್ಗುಲ ಸ್ನಾಯು ಹಗ್ಗದಂತೆ ಬಿಗಿದಿತ್ತು.

"ಇದು ಕಮಾನು ಅಲ್ಲ. ನೋವು ತಪ್ಪಿಸಾಕ ಪಾದ ವಾರಿ ಮಾಡಿ ಹಿಡದಾಳ. ಮುಂದ ಇದಾ ರೂಢಿ ಆದ್ರ ಬಾಗೂ ಪಾದ ಬಿರುಸು ಪಾದ ಆಗ್ತದ. ಬೆಣಿ ಒತ್ತಾಕತ್ತದ, ತಗೀಬೇಕು."

"ಇವತ್ತs ತಗೀರಿ ಡಾಕ್ಟ್ರ."

"ನೀವಾ ಅಲ್ಲೆ ಕೆಲಸ ಮಾಡ್ತೀರಿ, ನಿಮಗ ಗೊತ್ತದ. ಬೆಣಿಗೆ ಬೀಗ ಅದ. ಕೇಂದ್ರದಿಂದ ಬೀಗ ತಗೀದs ನಾ ಎಳದ್ರ ಪೊಳ್ಳಿನ ಗ್ವಾಡಿ ಹರೀತದ. ಬೀಗ ತಗೀಬೇಕಂದ್ರ ಗ್ವಾಡಿ ಮ್ಯಾಲೆ ಕೆಂಪು ಬೇಕು." ಅವರು ಹುಡುಗಿಯ ಪಾದವನ್ನು ಮೆತ್ತಗೆ ಕೆಳಗಿಟ್ಟರು. "ಮತ್ತ ನಾಳೆ ಹಿಗ್ಗಗೊಡಬ್ಯಾಡ್ರಿ. ಹಿಗ್ಗಿದ ಬೆಣಿ ಹಿಂದಕ್ಕ ಸಣ್ಣಾಗೂದಿಲ್ಲ."

ಸಿಂಚನಾಳನ್ನು ಶಾಲೆಗೆ ಕಳಿಸದೆ ಇರಬಹುದಿತ್ತು. ಬೂಟು ಹಾಕದಿದ್ದರೆ ಹಿಗ್ಗುವುದಿಲ್ಲ, ಸರಿ. ಕೆಂಪೂ ಬರುವುದಿಲ್ಲ. ಬೆಣೆ ಒಳಗೇ ಉಳಿಯುತ್ತದೆ, ಎಲುಬು ಬೆಳೆಯುತ್ತದೆ. ದಾರಿಯುದ್ದಕ್ಕೂ ರೇಣುಕಾ ಈ ಗಂಟನ್ನು ಬಿಚ್ಚುತ್ತ ಬಂದಳು. ನಿಯಮ ತೆಗೆಯಲು ಅವಳ ಕೈಯಲ್ಲಿ ಆಗದು. ಬೆಣೆಯ ಬಾಯಿ ಬಿಡಿಸುವುದು ಆದೀತು. ಬೂಟು ಮನೆಯೊಳಗೆ ಬರಬೇಕು.

ಮನೆಯ ಹೊಸಿಲ ಮೇಲೆ ಪಾಂಡವರು ಕೂತಿದ್ದರು. ಪಾಡ್ಯದ ದಿನ ಸಗಣಿಯಲ್ಲಿ ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಗಿಸಿ, ಮೊಸರು ಚಿಮುಕಿಸಿ ಎರಡೂ ಬದಿಗೆ ಸಾಲಾಗಿ ನೀಲವ್ವನೇ ಇಟ್ಟ ಪಾಂಡವರು. ನೀಲವ್ವ ಜೀವಮಾನದಲ್ಲಿ ಆ ಹೊಸಿಲೊಳಗೆ ಚಪ್ಪಲಿಯ ಧೂಳು ಬಿಟ್ಟವಳಲ್ಲ. ಪೊಲೀಸರು ಸಾಕ್ಷಿ ಕೇಳಲು ಬಂದಾಗ ಅವರ ಬೂಟನ್ನೂ ಹೊರಗೆ ಬಿಡಿಸಿದವಳು.

ರೇಣುಕಾ ಸಾವಕಾಶವಾಗಿ ಎಲ್ಲವನ್ನೂ ಹೇಳಿದಳು. ಬೆಣೆ, ಬೂಟು, ನಾಳೆಯ ಬೆಳಗು. ನೀಲವ್ವ ಕೇಳುತ್ತ ಕೇಳುತ್ತ ಮೊಮ್ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು.

"ಮೊನ್ನೆ ಲಕ್ಷ್ಮೀ ಪಾದ ಅಂತ ಕುಣದೆನಲ್ಲೋ ಶಿವನೇ," ಎಂದಳು. ಮೇಲೆದ್ದ ಹೆಬ್ಬೆರಳನ್ನು ಮೆಲ್ಲಗೆ ನೇವರಿಸಿದಳು. "ಬೂಟು ಹಾಕ್ಕೊಂಡು ಹೊರಗ ಅಂಗಳದಾಗ ಆಡಿದ್ರ ನಡಿಯೂದಿಲ್ಲೇನು?"

"ಅಂಗಳದಾಗ ನಾಕು ಮಂದಿ ನೋಡ್ತಾರ ಅಂತ ಹುಷಾರಾಗಿ ನಡೀತಾಳ ಅತ್ತೀ. ಒಳಗ ಹೆಂಗ ಇರ್ತಾಳೋ ಹಂಗ ಇರಬೇಕು. ಅಡಿಗಿ ಮನಿ, ಬಚ್ಚಲಾ, ಜೀನಾ. ಉಣ್ಣಾಕ ಕುಂದರೂದು, ಏಳೂದು."

"ದೇವರ ಮನಿ ಮುಂದೂ?"

"ಹೂಂ."

ನೀಲವ್ವ ಎದ್ದು ಹೊರಗೆ ಹೋದಳು. ಸಿಟ್ಟಾಗಿ ಹೋದಳೆಂದು ರೇಣುಕಾ ಅಂದುಕೊಂಡಳು. ಆದರೆ ಕಟ್ಟೆಯ ಮೇಲೆ ನೀರು ಸುರಿಯುವ ಸದ್ದು, ತಿಕ್ಕುವ ಸದ್ದು ಕೇಳಿಸಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಸಿಂಚನಾಳ ಬೂಟುಗಳಿದ್ದವು. ಅಟ್ಟೆ ಹಾಲಿನಂತೆ ಬೆಳ್ಳಗಾಗಿತ್ತು. ದೇವರ ಮುಂದಿನ ಬಟ್ಟಲಿನಿಂದ ವಿಭೂತಿ ತೆಗೆದು ಎರಡಕ್ಕೂ ಮೂರು ಬೆರಳು ಎಳೆದಳು, ಕುಂಕುಮ ಇಟ್ಟಳು.

"ಆಯಿ, ಬೂಟಿಗೆ ಪೂಜಿ ಮಾಡ್ತಾರೇನ?" ಸಿಂಚನಾ ನಕ್ಕಳು.

"ನಿಮ್ಮಪ್ಪ ಆಯುಧಪೂಜ್ಯಾಗ ರೈಲ್ವೆ ಇಂಜಿನ್ನಿಗೆ ಮಾಡೂದಿಲ್ಲೇನ? ಅದಕೇನು ಎರಡು ಕಣ್ಣು ಒಂದು ಮೂಗು ಐತೇನು? ಇದೂ ಒಂದು ಯಂತ್ರ." ಹೊಸಿಲಿನ ಪಾಂಡವರನ್ನು ಎರಡೂ ಕಡೆ ಸ್ವಲ್ಪ ಸರಿಸಿದಳು. "ಪಾಂಡವರು ಕಾಡಿಗೆ ಹೊಂಟಾಗ ಯಾರರೆ ಚಪ್ಪಲಿ ಬಿಟ್ಟು ಹೋಗ್ರಿ ಅಂದ್ರೇನು? ಅವರು ಏನೂ ಅನ್ನೂದಿಲ್ಲ. ಕಾಲಿಡು ಕೂಸ." ಆಮೇಲೆ ಫೋನು ತೆಗೆದುಕೊಂಡಳು. "ಅರ್ಮಾನನ ಅಜ್ಜಿ ನಂಬರ ಕೊಡ. ಸೊಸ್ತ್ಯಾರು ಹೇಳಿದ್ರ ಮನ್ಯಾಗ ಕೇಳೂದಿಲ್ಲ. ಅತ್ತ್ಯಾರಿಗೆ ಅತ್ತೀನ ಹೇಳಬೇಕು. ಒಬ್ಬಾಕಿ ಇನ್ನೊಬ್ಬಾಕಿಗೆ ಹೇಳಿದ್ರ ಸಂಜಿಯೊಳಗ ಊರಿಗೆಲ್ಲ ಮುಟ್ಟತೈತಿ."

ಹಬ್ಬದ ಪಾಳಿಯಲ್ಲಿ ಬರುವ ಕೆಂಪನ್ನು ಯಾರಾದರೂ 'ನೋಡಿದೆ, ನಿಜ' ಎಂದು ಒತ್ತದಿದ್ದರೆ ಯಂತ್ರ ಅದನ್ನು ದೋಷವೆಂದು ಅಳಿಸಿಬಿಡುತ್ತದೆ. ಅದಕ್ಕೇ ರೇಣುಕಾ ಸಂಜೆ ಕೇಂದ್ರದಲ್ಲಿರಲೇಬೇಕಿತ್ತು. ಸಿಂಚನಾಳ ಪಾಲಿನ ಹೋಳಿಗೆ ಇವಳ ಬುತ್ತಿಯಲ್ಲಿತ್ತು, ಹುಡುಗಿಯೇ ಇಟ್ಟಿದ್ದಳು. ಫರೀದಾ ಪಾಳಿ ಇಲ್ಲದಿದ್ದರೂ ಬಂದಿದ್ದಳು. ನಾಳಿನ ಆಜ್ಞೆ ಸಿದ್ಧವಾಗಿ ಪರದೆಯ ಮೂಲೆಯಲ್ಲಿ ಮಿನುಗುತ್ತಿತ್ತು. ಕುಲಕರ್ಣಿಯವರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಒಳಗೂ ಅಲ್ಲ, ಹೊರಗೂ ಅಲ್ಲ.

ಗೋಡೆ ಮಾಸಲು ಬಿಳಿ. ಊರ ತುಂಬ ಪಟಾಕಿಯ ಸದ್ದು.

ರೇಣುಕಾ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದಳು. ಪರದೆಯಲ್ಲಿ ನಡುಮನೆ ಕಾಣಿಸಿತು. ಹೊಸಿಲ ಮೇಲೆ ವಿಭೂತಿ ಬಳಿದ ಬೂಟುಗಳು ದಾಟಿ ಬಂದವು. ಗೋಡೆಯ ಮೇಲೆ ಅವಳ ಓಣಿಯ ಚುಕ್ಕೆ ಎಚ್ಚರವಾಯಿತು.

ಹಸಿರು.

ಅಚ್ಚ ಹಸಿರು. ಹುಡುಗಿ ಅಡುಗೆಮನೆಗೆ ಹೋಗಿಬಂದಳು, ಮತ್ತೂ ಹಸಿರು. ರೂಢಿ ಬಿದ್ದಿತ್ತು, ಬೂಟಿನೊಳಗಂತೂ ಹೆಬ್ಬೆರಳು ತಾನಾಗಿ ಏಳುತ್ತಿತ್ತು. ಬಾಗಿಲಲ್ಲಿ ನಿಂತ ಕುಲಕರ್ಣಿ ಕೆಮ್ಮಿದರು.

"ಸಿಂಚೂ," ರೇಣುಕಾ ಫೋನಿಗೆ ಬಾಗಿದಳು. "ಹೆಬ್ಬಟ್ಟು ಊರವಾ. ಮೊದಲ ಹೆಂಗ ನಡೀತಿದ್ದೆಲ್ಲ, ಬಾತುಕೋಳಿ ಹಂಗ, ಹಂಗ ನಡಿ."

"ಚುಚ್ಚತೈತಿ ಮಮ್ಮಿ."

"ಗೊತ್ತೈತಿ ಕೂಸ. ಅದು ಚುಚ್ಚೂದು ಇಲ್ಲೆ ಕಾಣಬೇಕು."

"ಕೆಂಪು ಆದ್ರ ನೀ ಅಳಬಾರ್ದು."

"ಅಳೂದಿಲ್ಲ."

"ಆಣಿ?"

"ಆಣಿ."

ನೀಲವ್ವ ಮೊಮ್ಮಗಳ ಕೈ ಹಿಡಿದಳು. ಸಿಂಚನಾ ಪಾದವನ್ನು ಪೂರ್ತಿ ಊರಿದಳು. ಹೊರಕ್ಕೆ ಚೆಲ್ಲಿದ ಮುಂಗಾಲು, ಒಳಕ್ಕೆ ಕುಸಿದ ಗೆಣ್ಣು; ಅವಳು ಹುಟ್ಟಿಬಂದ ನಡಿಗೆ. ಮುಖ ಕಿವುಚಿತು. ಜೀನದ ಮೆಟ್ಟಿಲು ಹತ್ತಿದಳು, ಇಳಿದಳು. ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ಎದ್ದಳು. ಹಸಿರು ಒಮ್ಮೆ ನಡುಗಿತು. ಹಳದಿಯಾಯಿತು. ಕಾಲು ಮಡಿಚಿ ಚಕ್ಕಳಬಕ್ಕಳ ಹಾಕಿ ಕೂತಾಗ, ಹುಬ್ಬಳ್ಳಿಯ ನಕ್ಷೆಯ ಆ ಮೂಲೆಯಲ್ಲಿ ಕೆಂಡದ ಕಿಡಿಯಷ್ಟು ಒಂದು ಕೆಂಪು ಹೊತ್ತಿತು.

ಕೆಂಪು ಬರದಿರಲಿ ಎಂದು ದಿನವೂ ದೇವರಿಗೆ ಕೈ ಮುಗಿದು ಈ ಕುರ್ಚಿಯಲ್ಲಿ ಕೂರುತ್ತಿದ್ದವಳು ಗುಂಡಿ ಒತ್ತಿದಳು. ನೋಡಿದೆ. ನಿಜ.

"ಒಂದು ಬಂತು ಸರ್," ಎಂದಳು ಫರೀದಾ.

"ಒಂದು," ಎಂದರು ಕುಲಕರ್ಣಿ.

ಹೆಬ್ಬೆರಳು ಊರಿಸಿ, ಎಲ್ಲರಿಗೂ ಹೇಳಿ ಎಂದು ಫರೀದಾ ಅರ್ಮಾನನ ಅಜ್ಜಿಗೆ ಫೋನು ಹಚ್ಚಿದಳು. ಗೋಡೆಯ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅತ್ತೆಯರು ಒಪ್ಪಲಿಲ್ಲವೇನೋ. ಹಬ್ಬದ ದಿನ ಯಾರು ತಾನೇ ಒಪ್ಪುತ್ತಾರೆ? ರೇಣುಕಾ ಗೋಡೆಯಿಂದ ಕಣ್ಣು ಕೀಳಲಿಲ್ಲ. ಕೆರೆಯ ಆಚೆ ದಂಡೆಯಲ್ಲಿ ಒಂದು ದೀಪ ಎಚ್ಚರವಾಯಿತು. ಹಸಿರು, ಹಳದಿ, ಕೆಂಪು. "ಅರ್ಮಾನ್!" ಫರೀದಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅದರ ಪಕ್ಕದ ಓಣಿಯಲ್ಲಿ ಎರಡು. ಹಳೇ ಊರಿನಲ್ಲಿ ಒಂದು ಗೊಂಚಲು. ಕೆಲವು ಹಸಿರಾಗಿಯೇ ಉಳಿದವು. ಆ ಮಕ್ಕಳಿಗೆ ಬೆಣೆ ಒಗ್ಗಿತ್ತು, ಒಳ್ಳೆಯದು. ಉಳಿದವು ಪಣತಿಗಳ ಸಾಲು ಹೊತ್ತಿಕೊಂಡಂತೆ ಒಂದರಿಂದೊಂದು ಕೆಂಪಾಗುತ್ತ ಹೋದವು. ಊರ ತುಂಬ ಮನೆಗಳಲ್ಲಿ ಮಕ್ಕಳು ಬೂಟು ಹಾಕಿಕೊಂಡು ಹೊಸಿಲು ದಾಟಿದ್ದರು, ಹೆಬ್ಬೆರಳು ಊರಿದ್ದರು.

ರೇಣುಕಾ ಒತ್ತಿದಳು. ಫರೀದಾ ಒತ್ತಿದಳು. ನೋಡಿದೆ, ನಿಜ. ನೋಡಿದೆ, ನಿಜ.

ಕುಲಕರ್ಣಿಯವರು ಬಾಗಿಲು ಬಿಟ್ಟು ಬಂದು ಗೋಡೆಯ ಮುಂದೆ ನಿಂತರು. ಅವರ ಬಿಳಿ ಅಂಗಿ ಕೆಂಪಗೆ ಕಾಣುತ್ತಿತ್ತು. "ಫೇಡೆ ಹಂಚಿದ್ದೆ ನಾನು," ಎಂದರು ಯಾರಿಗೋ ಎಂಬಂತೆ. ಆಮೇಲೆ ಪರದೆಯ ಮೂಲೆಯಲ್ಲಿ ಮಿನುಗುತ್ತಿದ್ದ ನಾಳಿನ ಆಜ್ಞೆಯನ್ನು ತಡೆದರು. "ಬೀಗ ಇವತ್ತs ತಗಸ್ತೀನಿ," ಎಂದು ಫೋನೆತ್ತಿ ಇನಾಮದಾರರ ನಂಬರು ಕೇಳಿದರು.

ಬೀಗ ತೆಗೆಯಬೇಕು. 'ಇವತ್ತೇ' ಎಂದರೆ ಎಷ್ಟು ಹೊತ್ತಿಗೆ? ಬಿಗಿದ ಸ್ನಾಯು ಸಡಿಲಾದೀತೇ? ಹುಡುಗಿ ಮತ್ತೆ ಬಾತುಕೋಳಿಯಾಗಿಯಾದರೂ ನೋವಿಲ್ಲದೆ ಓಡಿಯಾಳೇ? ರೇಣುಕಾಳೊಳಗೆ ಪ್ರಶ್ನೆಗಳು ಎಂದಿನಂತೆ ಸಾಲುಗಟ್ಟಿ ನಿಂತವು.

"ಮಮ್ಮಿ," ಫೋನಿನಿಂದ ದನಿ ಬಂತು. ಸಿಂಚನಾ ಬೂಟು ಬಿಚ್ಚಿ ಅಜ್ಜಿಯ ತೊಡೆಯ ಮೇಲೆ ಕಾಲು ಚಾಚಿದ್ದಳು. ಕಣ್ಣು ಒದ್ದೆ. "ಕೆಂಪು ಬಂತಾ?"

"ಬಂತವಾ."

"ಅಳಾಕತ್ತೀಯೇನು?"

"ಇಲ್ಲ."

"ಮತ್ತ ಊಟ?"

ರೇಣುಕಾ ಬುತ್ತಿಯ ಮುಚ್ಚಳ ತೆಗೆದಳು. ಮಗಳಿಗೆ ಸರಿಯಾಗಿ ಕಾಣುವಂತೆ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, ಗೋಡೆ ತುಂಬ ಉರಿಯುವ ಕೆಂಪಿನ ಕೆಳಗೆ ಕೂತು, ಹೋಳಿಗೆಯನ್ನು ಮುರಿದು ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ಇನ್ನೊಂದು ತುಣುಕು ಮುರಿದಳು.